ಅಟ್ಟೆ ಕಿತ್ತ ಶೂ, ಎಲೆ ಇಲ್ಲದ ಹೂ

ಎಲ್ಲ ಶುರುವಾದದ್ದು ಒಂದು ಮಸುಕು ಫೋಟೋದಿಂದ. ಹೆಬ್ರಿ ಹತ್ತಿರ ನಾಡ್ಪಾಲು ಕಡೆ ನನ್ನ ಹೆಂಡತಿಯ ಅಣ್ಣನ ತೋಟ ಇದೆ. ದೀಪಾವಳಿಗೆ ಮೂರು ದಿನ ಇರುವಾಗ ಭಾವ ವಾಟ್ಸಾಪಿನಲ್ಲಿ ಅದನ್ನು ಕಳಿಸಿದ್ದರು. ತರಗೆಲೆಯ ನಡುವೆ ಹೆಬ್ಬೆರಳು ಗಾತ್ರದ, ಕೆಂಪು ಕೆಂಪಾದ ನಾಲ್ಕೈದು ಏನೋ. ಕೆಳಗೆ ಒಂದೇ ಸಾಲು: "ಭಾವ, ಇದು ಎಂತದು? ಅಣಬೆ ಅಲ್ಲ."

ಅಣಬೆ ಅಲ್ಲ ಅಂತ ಅವರು ಹೇಳಿದರೆ ಅಲ್ಲವೇ ಅಲ್ಲ. ಮಳೆಗಾಲದ ಮೊದಲ ಗುಡುಗಿಗೇ ಕತ್ತಿ ಹಿಡಿದು ಗುಡ್ಡೆಗೆ ಹೋಗಿ, ನೆಲ ಕೆರೆದು ಕಲ್ಲಣಬೆ ತರುವ ಮನುಷ್ಯ ಅವರು. ನಾನು ಆ ಫೋಟೋವನ್ನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಗೆಳೆಯನಿಗೆ ದಾಟಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. "ಬ್ಯಾಲನೋಫೋರಾ. ಬೇರೆ ಮರದ ಬೇರು ಹಿಡಿದು ಬದುಕುವ ಗಿಡ. ಎಲ್ಲಿ ಸಿಕ್ಕಿತು? ಹೋಗಿ ನೋಡು. ಕೀಳಬೇಡ."

ಹಬ್ಬದ ಮರುವಾರ ಶುಕ್ರವಾರ ಒಂದು ರಜೆ ಹಾಕಿದೆ. ಹೆಂಡತಿಗೆ ತವರು, ಮಗಳಿಗೆ ಮಾವನ ಮನೆಯ ನಾಯಿಮರಿ, ನನಗೆ ಈ ಕೆಂಪು ಹೂ. ಮೂವರಿಗೂ ಹೊರಡಲು ಒಂದೊಂದು ಕಾರಣ ಸಿಕ್ಕಿತು.

ಮೊದಲ ದಿನ: ಕಾಪುವಿನ ಮರಳಿನಲ್ಲಿ ನೂಡಲ್ಸು

ಮಂಗಳೂರಿನಿಂದ ಬೆಳಿಗ್ಗೆ ಆರೂವರೆಗೆ ಹೊರಟೆವು. ಪಡುಬಿದ್ರಿಯಲ್ಲಿ ಬನ್ಸ್ ತಿಂದು ಚಾ ಕುಡಿದದ್ದು ಬಿಟ್ಟರೆ ಹೈವೇ ಬಗ್ಗೆ ಹೇಳುವುದು ಏನೂ ಇಲ್ಲ. ಕಾಪು ಬಂದ ಮೇಲೆ ಮಗಳು ಲೈಟ್‌ಹೌಸ್ ನೋಡಬೇಕು ಅಂತ ಹಟ ಹಿಡಿದಳು. 1901ರಲ್ಲಿ ಕಟ್ಟಿದ ದೀಪಸ್ತಂಭ, ಬಂಡೆಯ ಮೇಲೆ ನಿಂತಿದೆ. ನಾವು ಹೋದಾಗ ಮೇಲೆ ಹತ್ತಲು ಬಿಡುವ ಹೊತ್ತಾಗಿರಲಿಲ್ಲ. ಸುಮ್ನೆ ಮರಳಿನಲ್ಲಿ ಬಡಗು ದಿಕ್ಕಿಗೆ ನಡೆದೆವು.

ಜನ ಓಡಾಡುವ ಜಾಗ ದಾಟಿದರೆ ಮರಳಿನ ಮೇಲೆಲ್ಲ ಅಡುಂಬು ಬಳ್ಳಿ. ನೇರಳೆ ಹೂವಿನ ಈ ಬಳ್ಳಿಯನ್ನು ಕರಾವಳಿಯವರು ದಿನಾ ನೋಡುತ್ತೇವೆ, ಯಾರೂ ತಿರುಗಿ ನೋಡುವುದಿಲ್ಲ. ಒಂದು ಕಡೆ ಆ ಬಳ್ಳಿಯ ಮೇಲೆ, ಪಕ್ಕದ ಮುಳ್ಳುಪೊದೆಯ ಮೇಲೆ ಹಳದಿ ಹಸಿರು ದಾರದ ಮುದ್ದೆ ಹರಡಿಕೊಂಡಿತ್ತು. "ಪಪ್ಪಾ, ಯಾರೋ ನೂಡಲ್ಸ್ ಚೆಲ್ಲಿದ್ದಾರೆ" ಅಂದಳು ಮಗಳು. ಒಂದು ಎಳೆ ಎತ್ತಿದೆ. ಬರಲಿಲ್ಲ. ಸಾಲಾಗಿ ಸಣ್ಣ ಸಣ್ಣ ಗುಂಡಿ ಹೊಲಿದ ಹಾಗೆ ಅಡುಂಬಿನ ಕಾಂಡಕ್ಕೆ ಅಂಟಿಕೊಂಡಿತ್ತು. ಬಲವಾಗಿ ಎಳೆದಾಗ ಗುಂಡಿ ಕಿತ್ತ ಜಾಗದಲ್ಲಿ ಕಾಂಡದ ಸಿಪ್ಪೆಯೂ ಎದ್ದು ಬಂತು.

ಸ್ವಲ್ಪ ದೂರದಲ್ಲಿ ದೋಣಿಯ ನೆರಳಿನಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಹಿರಿಯರೊಬ್ಬರು ನಮ್ಮನ್ನೇ ನೋಡುತ್ತಿದ್ದರು. ನಾನು ಹೋಗಿ ಕೇಳಿದೆ. "ಅದು ಮಂಗನ ಉಡಿದಾರ ಅಲ್ವಾ" ಅಂದರು, ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ. ಮಗಳು ನಕ್ಕಿದ್ದು ನಕ್ಕಿದ್ದೇ. ಮಕ್ಕಳ ಸೊಂಟಕ್ಕೆ ಕಟ್ಟುವ ಉಡಿದಾರ ಮಂಗನಿಗೂ ಉಂಟು ಅಂತ ಯಾರು ಮೊದಲು ಯೋಚನೆ ಮಾಡಿದರೋ! ಆಕಾಶಬಳ್ಳಿ ಅಂತಲೂ ಇದಕ್ಕೆ ಹೆಸರಿದೆ. ಆದರೆ ಆಕಾಶಬಳ್ಳಿ ಅನ್ನುವ ಹೆಸರನ್ನು ಜನ ಇನ್ನೊಂದು ಇಂಥದೇ ಬಳ್ಳಿಗೂ ಕೊಡುತ್ತಾರೆ, ಹೊಲದ ಬೇಲಿಯಲ್ಲಿ ಹಳದಿಯಾಗಿ ಜೋತು ಬೀಳುತ್ತದಲ್ಲ, ಅದು, ಕಸ್ಕ್ಯೂಟಾ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮ ಅನ್ನಬೇಕು. ಸಂಬಂಧವೇ ಇಲ್ಲ. ಕಡಲ ತೀರದ ಈ ಮಂಗನ ಉಡಿದಾರ ದಾಲ್ಚಿನ್ನಿಯ ಕುಟುಂಬದ್ದು, ಬೆಣ್ಣೆಹಣ್ಣಿನ ನೆಂಟ. ಕಸ್ಕ್ಯೂಟಾ ಗೆಣಸಿನ ಕುಟುಂಬದ್ದು, ಅಂದರೆ ಇಲ್ಲಿ ಕೆಳಗೆ ಒದ್ದಾಡುತ್ತಿರುವ ಅಡುಂಬಿನದೇ ದಾಯಾದಿ. ಬೇರೆ ಬೇರೆ ಮನೆಯಲ್ಲಿ ಹುಟ್ಟಿ ಇಬ್ಬರೂ ಒಂದೇ ಕಸುಬು ಹಿಡಿದು, ಕೊನೆಗೆ ಮುಖವೂ ಒಂದೇ ಥರ ಆಗಿಬಿಟ್ಟಿದೆ.

ಇದನ್ನೆಲ್ಲ ಗೆಳೆಯ ಫೋನಿನಲ್ಲಿ ಹೇಳುತ್ತಿದ್ದಾಗ ನಾನು ಗಾಳಿಗೆ ಅರ್ಧ ಕೇಳಿಸಿಕೊಂಡೆ, ಅರ್ಧ ಆಮೇಲೆ ಮತ್ತೆ ಕೇಳಿ ತಿಳಿದುಕೊಂಡೆ.

ಉಡುಪಿಯಲ್ಲಿ ಇಳಿಯಲಿಲ್ಲ. ಮಣಿಪಾಲ, ಪರ್ಕಳ, ಹಿರಿಯಡಕ. ಪೆರ್ಡೂರು ಹತ್ತಿರವಾಗುತ್ತಿದ್ದಂತೆ ಮಧ್ಯಾಹ್ನ ಮೂರಕ್ಕೇ ಆಕಾಶ ಕಪ್ಪಾಯಿತು. ನವೆಂಬರಿನ ಈ ಮಳೆ ಹೇಳಿ ಕೇಳಿ ಬರುವುದಿಲ್ಲ. ಬೆಳಿಗ್ಗೆ ಸುಡು ಬಿಸಿಲು, ಸಂಜೆಗೆ ಗುಡುಗು. ಹೋಗುವವರು ಕಾಡಿನ ಕೆಲಸವೇನಿದ್ದರೂ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಬೇಕು. ನಾವು ಒಂದು ಸಣ್ಣ ಹೋಟೆಲಿನ ಶೀಟಿನ ಮಾಡಿನ ಕೆಳಗೆ ನಿಂತೆವು. ನಿಂತ ಮೇಲೆ ಗೋಳಿಬಜೆ ತಿನ್ನದೆ ಇರುವುದು ಹೇಗೆ? ಎರಡನೇ ಪ್ಲೇಟಿನ ಹೊತ್ತಿಗೆ ಮಳೆ ನಿಂತಿತ್ತು, ಆದರೂ ಮೂರನೇ ಪ್ಲೇಟ್ ಹೇಳಿದೆವು.

ಎರಡನೇ ದಿನ: ಕುಮ್ಕಿಯಲ್ಲಿ

ಬೆಳಿಗ್ಗೆ ಅತ್ತಿಗೆ ನೀರುದೋಸೆ ಹೊಯ್ಯುತ್ತಿದ್ದರು. ನಾನು ಚಾವಡಿಯಲ್ಲಿ ಕೂತು ಶೂ ಹಾಕುತ್ತಿದ್ದೆ. ಭಾವ ಒಮ್ಮೆ ಶೂ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಚಪ್ಪಲಿ ಸಾಕಿತ್ತು ಭಾವ." ಅವರು ಯಾವಾಗಲೂ ರಬ್ಬರ್ ಚಪ್ಪಲಿಯವರು. ನಾನು ನಾಲ್ಕು ವರ್ಷದ ಹಿಂದೆ ಚಾರಣಕ್ಕೆ ಅಂತಲೇ ತೆಗೆದಿಟ್ಟ ಗಟ್ಟಿ ಶೂ ಬಿಡಲು ತಯಾರಿರಲಿಲ್ಲ. ಮಳೆಗಾಲ ಪೂರ್ತಿ ಅದು ಕಪಾಟಿನ ಮೂಲೆಯಲ್ಲಿ ಬೂಸ್ಟು ಹಿಡಿದು ಕೂತಿತ್ತು ಅನ್ನುವುದು ಆಗ ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

ಇಂಬಳದ ಬಗ್ಗೆ ಭಾವನ ಏರ್ಪಾಡು ಸರಳ. ಒಂದು ಬಟ್ಟೆ ತುಂಡಿನಲ್ಲಿ ಹೊಗೆಸೊಪ್ಪು, ಸುಣ್ಣ, ಉಪ್ಪು ಕಟ್ಟಿ ಒದ್ದೆ ಮಾಡಿ ಕೋಲಿನ ತುದಿಗೆ ಸಿಕ್ಕಿಸುವುದು. ಹತ್ತಿದ ಕಡೆ ಒಮ್ಮೆ ಮುಟ್ಟಿಸಿದರೆ ಉದುರಿ ಬೀಳುತ್ತದೆ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಸಾಕ್ಸಿನ ಮೇಲೂ ಅದನ್ನೇ ಒರೆಸಿಕೊಂಡೆವು. ಮಗಳಿಗೆ ವಾಸನೆ ಆಗಲಿಲ್ಲ, ಮೂಗು ಮುಚ್ಚಿಕೊಂಡೇ ಹೊರಟಳು.

ತೋಟದ ಹಿಂದೆ ಕುಮ್ಕಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ದಕ್ಷಿಣ ಕನ್ನಡ ಉಡುಪಿ ಕಡೆ ಕೃಷಿ ಜಾಗಕ್ಕೆ ತಾಗಿಕೊಂಡಿರುವ ಸರ್ಕಾರಿ ಜಾಗ ಅದು, ಸೊಪ್ಪು ತರಗೆಲೆ ಕಟ್ಟಿಗೆ ತರುವ ಹಕ್ಕು ಪಕ್ಕದ ರೈತನಿಗೆ. ಅದರಾಚೆ ಸೋಮೇಶ್ವರ ಅಭಯಾರಣ್ಯದ ದಟ್ಟ ಕಾಡು. 1974ರಿಂದ ಅಭಯಾರಣ್ಯ. ಅದರೊಳಗೆ ಹೋಗಬೇಕೆಂದಿದ್ದರೆ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡೇ ಹೋಗಬೇಕು, ನೆಂಟರ ಮನೆ ಪಕ್ಕದಲ್ಲಿದೆ ಅನ್ನುವುದು ಅನುಮತಿ ಅಲ್ಲ. ನಮ್ಮ ಕೆಲಸಕ್ಕೆ ಕುಮ್ಕಿಯೇ ಸಾಕಾಯಿತು.

ಮೊದಲು ಸಿಕ್ಕಿದ್ದು ನಾವು ಹುಡುಕದೇ ಇದ್ದದ್ದು. ತೋಟದ ಕಣಿ ದಾಟಿ ಹುಲ್ಲಿನ ದರೆ ಹತ್ತುವಾಗ ಮಗಳು ಬಗ್ಗಿ ನಿಂತಳು. ಹುಲ್ಲಿನ ಬುಡದಿಂದ ಒಂದು ಗೇಣಿಗಿಂತ ಚಿಕ್ಕ ಕಡ್ಡಿ ಎದ್ದಿತ್ತು. ಎಲೆ ಇಲ್ಲ, ಹಸಿರೇ ಇಲ್ಲ. ಕಡ್ಡಿಯ ತುದಿಯಲ್ಲಿ ಒಂದೇ ಒಂದು ನೇರಳೆ ಗುಲಾಬಿ ಹೂ, ನಾಚಿಕೊಂಡವರ ಹಾಗೆ ತಲೆ ಬಗ್ಗಿಸಿ. ಹಳೇ ಕಾಲದ ತಂಬಾಕಿನ ಪೈಪನ್ನು ನೆಲಕ್ಕೆ ನೆಟ್ಟ ಹಾಗೆ. ಪಕ್ಕದಲ್ಲಿ ಇನ್ನೂ ಏಳೆಂಟು ಇದ್ದವು, ಹೆಚ್ಚಿನವು ಒಣಗಿ ಕಂದಾಗಿದ್ದವು. ಏಜಿನೇಷಿಯಾ ಅಂತ ಹೆಸರು, ಗೆಳೆಯ ಆಮೇಲೆ ಹೇಳಿದ್ದು. ಹುಲ್ಲಿನ ಬೇರಿಗೆ ಬಾಯಿ ಹಾಕಿ ಬದುಕುತ್ತದೆ. ಕಬ್ಬೂ ಹುಲ್ಲೇ ಆದದ್ದರಿಂದ ಕಬ್ಬಿನ ಗದ್ದೆಗೆ ಬಿದ್ದರೆ ಇದೇ ಚಂದದ ಹೂ ಪೀಡೆ. ಒಣಗಿದ ಒಂದು ಕಾಯಿಯನ್ನು ಮಗಳ ಅಂಗೈ ಮೇಲೆ ತಟ್ಟಿದೆ. ಬೀಜ ಅನ್ನುವಂಥದ್ದು ಏನೂ ಬೀಳಲಿಲ್ಲ, ಹಳದಿ ಧೂಳು ಬಿತ್ತು. ಅವಳು ಉಫ್ ಅಂದಳು, ಹೋಯಿತು. ಆ ಧೂಳೇ ಬೀಜ.

"ಇದು ನಾನು ಎಷ್ಟು ವರ್ಷದಿಂದ ನೋಡ್ತೇನೆ. ಯಾವುದೋ ಹುಲ್ಲಿನ ಹೂ ಅಂತಲೇ ಲೆಕ್ಕ" ಅಂದರು ಭಾವ. ಹುಲ್ಲಿನ ಮೇಲೆ ಕೂತು ಉಣ್ಣುವುದಾದರೆ ಆ ಲೆಕ್ಕದಲ್ಲಿ ದೊಡ್ಡ ತಪ್ಪೇನೂ ಇಲ್ಲ.

ಅಲ್ಲಿಂದ ಮುಂದೆ ನೆರಳು. ಮರದ ಹನಿ ಇನ್ನೂ ನಿಂತಿರಲಿಲ್ಲ. ಭಾವ ಗುರುತು ಇಟ್ಟುಕೊಂಡದ್ದು ಒಂದು ವಾಲಿದ ಮರವನ್ನು. ಹಬ್ಬದ ಸಮಯದ ಗಾಳಿಗೆ ಆ ಮರವೇ ಮಲಗಿಬಿಟ್ಟಿತ್ತು, ಅದರ ಜೊತೆ ಇನ್ನೆರಡು. ಎಲ್ಲಿ ನೋಡಿದರೂ ಮುರಿದ ಕೊಂಬೆ. ಗುರುತು ಹೇಳಬೇಕಾದ ಮರವೇ ಗುರುತು ಸಿಗದೆ ಬಿದ್ದಿದೆ. ಒಂದು ಗಂಟೆ ಸುತ್ತಿದೆವು. ಮಗಳಿಗೆ ನಾಲ್ಕು ಇಂಬಳ, ನನಗೆ ಒಂಬತ್ತು, ಭಾವನಿಗೆ ಒಂದೂ ಇಲ್ಲ. ಅವರ ಚಪ್ಪಲಿ ಕಾಲಿಗೆ ಹತ್ತಿದ್ದು ತಕ್ಷಣ ಕಾಣುತ್ತದೆ, ತಕ್ಷಣ ತೆಗೆಯುತ್ತಾರೆ. ನನ್ನ ಶೂ ಒಳಗೆ ಹೊಕ್ಕಿದ್ದು ಹೊಟ್ಟೆ ತುಂಬಿಸಿಕೊಂಡ ಮೇಲೆಯೇ ಗೊತ್ತಾಗುವುದು.

ಆಗಲೇ ಬಲಗಾಲು ಏನೋ ತಣ್ಣಗಾಯಿತು. ನೋಡಿದರೆ ಶೂವಿನ ಅಟ್ಟೆ ಪೂರ್ತಿ ಕಿತ್ತು ಮೂರು ಹೆಜ್ಜೆ ಹಿಂದೆ ಕೆಸರಿನಲ್ಲಿ ಕೂತಿದೆ. ಗಮ್ಮು ಮಳೆಗಾಲದಲ್ಲೇ ಸತ್ತಿರಬೇಕು. ಕರಾವಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೊರಡುವ ಹಿಂದಿನ ದಿನ ಶೂವನ್ನು ಒಮ್ಮೆ ಬಗ್ಗಿಸಿ ನೋಡಿ. ಭಾವ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಕಷ್ಟ. ಸುಮ್ಮನೆ ಕತ್ತಿ ತೆಗೆದು ಎಳೆ ಬಳ್ಳಿಯೊಂದನ್ನು ಕಡಿದು ತಂದರು. ನಾನು ಒಂದು ದೊಡ್ಡ ಮರದ ಬೇರಿನ ಮೇಲೆ ಕೂತು, ಅಟ್ಟೆಯನ್ನು ಶೂವಿಗೆ ಒತ್ತಿ ಹಿಡಿದು ಬಳ್ಳಿ ಸುತ್ತಲು ಬಗ್ಗಿದೆ.

ಬಗ್ಗಿದಾಗ ಕಂಡಿತು. ನನ್ನ ಎಡಗಾಲಿನಿಂದ ಒಂದು ಮೊಳ ದೂರ. ತರಗೆಲೆಯನ್ನು ತಲೆಯ ಮೇಲೆ ಹೊತ್ತು ಒಂದು ಕೆಂಪು ಉಂಡೆ ಇಣುಕುತ್ತಿತ್ತು. ಎಲೆ ಸರಿಸಿದೆ, ಇನ್ನೊಂದು. ಮತ್ತೆ ಮೂರು. ಒಟ್ಟು ಹದಿನೇಳು, ಮಗಳು ಎರಡು ಸಲ ಎಣಿಸಿದಳು.

ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ನಿರಾಸೆಯೇ ಆಯಿತು. ಪರಾವಲಂಬಿ ಹೂ ಅಂದರೆ ಅವಳ ತಲೆಯಲ್ಲಿ ಇದ್ದದ್ದು ಪುಸ್ತಕದ ರಾಫ್ಲೇಶಿಯಾ, ಸುಮಾತ್ರಾದ ಕಾಡಿನಲ್ಲಿ ಒಂದು ಮೀಟರ್ ಅಗಲ ಅರಳುವಂಥದ್ದು. "ಇಷ್ಟೇನಾ?" ಅಂದಳು. ನಾನು ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟೆ. ಆಮೇಲೆ ಕಾಲು ಗಂಟೆ ವಾಪಸ್ ಸಿಗಲಿಲ್ಲ.

ಒಂದೊಂದೂ ಹೀಗಿತ್ತು. ಕೆಳಗೆ ದಪ್ಪ ಗಿಡ್ಡ ಕಾಂಡ, ಅದಕ್ಕೆ ಮೀನಿನ ಚಿಪ್ಪಿನ ಹಾಗೆ ಒಂದರ ಮೇಲೊಂದು ಹೊದಿಸಿದ ಕೆಂಪು ಹಳದಿ ಹಾಳೆಗಳು. ಅವು ಎಲೆಯ ನೆನಪು ಮಾತ್ರ, ಹಸಿರೆಲೆಯ ಹಾಗೆ ಬಿಸಿಲು ಹಿಡಿದು ಅಡುಗೆ ಮಾಡುವುದಿಲ್ಲ. ಮೇಲೆ ಅಡಕೆ ಗಾತ್ರದ ತಲೆ. ಬರಿಗಣ್ಣಿಗೆ ಮಖಮಲ್ಲಿನ ಉಂಡೆ. ಕನ್ನಡಿಯಲ್ಲಿ ನೋಡಿದರೆ ಸಾವಿರಗಟ್ಟಲೆ ಸಣ್ಣ ಗುಂಡುಗಳು ಒತ್ತೊತ್ತಾಗಿ, ರವೆ ಉಂಡೆಯ ಮೇಲ್ಮೈ ಹಾಗೆ. ಆ ಗುಂಡುಗಳೂ ಹೂವಲ್ಲ. ಅವುಗಳ ಸಂದಿಯಲ್ಲಿ ಇರುವುದು ಹೆಣ್ಣು ಹೂ, ನನ್ನ ಭೂತಗನ್ನಡಿಗೆ ಬಗ್ಗುವಂಥದ್ದಲ್ಲ. ಲೋಕದ ಅತಿ ಸಣ್ಣ ಹೂಗಳ ಸಾಲಿನಲ್ಲಿ ಇದನ್ನೂ ಸೇರಿಸುತ್ತಾರಂತೆ. ದಳ ಇಲ್ಲ, ಏನೂ ಇಲ್ಲ, ಒಂದು ಸೂಜಿಮೊನೆಯಂಥ ಕೊಳವೆ ಅಷ್ಟೇ. ಸ್ವಲ್ಪ ಆಚೆ ಇದ್ದ ಎರಡು ತಲೆಗಳು ಬೇರೆ ಥರ ಇದ್ದವು. ಎಣಿಸಬಹುದಾದಷ್ಟು ದೊಡ್ಡ ಹೂಗಳು, ದಳ ಹಿಂದಕ್ಕೆ ಮಡಚಿಕೊಂಡು, ನಡುವೆ ಬಿಳಿ ಪರಾಗದ ಮುದ್ದೆ. ಅವು ಗಂಡು. ಒಂದು ಗಂಡಿನ ತಲೆಯ ಮೇಲೆ ಇರುವೆಗಳು ಮದುವೆ ಮನೆಯ ಬಡಿಸುವವರ ಹಾಗೆ ಓಡಾಡುತ್ತಿದ್ದವು.

ಮಳೆನೀರು ಹರಿದು ಒಂದು ಕಡೆ ಮಣ್ಣು ಕೊಚ್ಚಿಹೋಗಿತ್ತು. ಅಗೆಯದೆಯೇ ಬುಡ ಕಾಣಿಸಿತು. ಶುಂಠಿಯ ಗಂಟಿನಂಥ ಕಂದು ಗೆಡ್ಡೆ, ಮೈತುಂಬ ಹರಳು ಹರಳು. ಅದರ ಒಂದು ಬದಿಯಿಂದ ಪೆನ್ಸಿಲ್ ದಪ್ಪದ ಬೇರು ಒಳಗೆ ಹೋಗುತ್ತದೆ, ಇನ್ನೊಂದು ಬದಿಯಲ್ಲಿ ಹೊರಗೆ ಬರುವುದೇ ಇಲ್ಲ. ಬೇರು ಯಾರದು, ಗೆಡ್ಡೆ ಯಾರದು ಅಂತ ಗೆರೆ ಎಳೆಯಲು ನೋಡಿದೆ. ಆಗಲಿಲ್ಲ. ಎರಡೂ ಕಲಸಿಹೋಗಿದೆ. ನಾನು ಕೂತಿದ್ದ ಮರದ ಬೇರೇ ಅದು, ಹದಿನೇಳು ಜನರಿಗೆ ಊಟ ಹಾಕುತ್ತಾ ಸುಮ್ಮನೆ ನಿಂತಿದೆ.

ಆ ಹೊತ್ತಿಗೆ ಸೊಪ್ಪಿನ ಹೊರೆ ಹೊತ್ತು ಒಬ್ಬ ಅಜ್ಜಿ ಬಂದರು. ಭಾವನಿಗೆ ಗುರುತಿನವರು. ತುಳುವಿನಲ್ಲಿ ಏನು ಕಳೆದುಕೊಂಡಿರಿ ಅಂತ ಕೇಳಿದರು, ನಾವು ಮೂವರೂ ಮೊಣಕಾಲೂರಿ ನೆಲ ನೋಡುತ್ತಿದ್ದೆವಲ್ಲ. ಭಾವ ಹೂ ತೋರಿಸಿದರು. ಅಜ್ಜಿ ಹೊರೆ ಇಳಿಸದೆಯೇ ಬಗ್ಗಿ ನೋಡಿ, ನನ್ನ ಕನ್ನಡಕ್ಕೆ ಕನ್ನಡದಲ್ಲೇ ಕೇಳಿದರು.

"ಇದಾ? ಇದು ಪ್ರತಿ ವರ್ಷ ಬರ್ತದೆ. ತಿನ್ಲಿಕ್ಕೆ ಆಗ್ತದಾ?"

"ಇಲ್ಲ ಅಜ್ಜಿ."

"ಮದ್ದಿಗೆ?"

"ಅದೂ ನನಗೆ ಗೊತ್ತಿಲ್ಲ."

"ಮತ್ತೆ ಎಂತಕ್ಕೆ ನೋಡುದು?"

ನಾನು ಉತ್ತರ ಹುಡುಕುವಷ್ಟರಲ್ಲಿ ಅವರ ಕಣ್ಣು ನನ್ನ ಶೂವಿನ ಮೇಲೆ ಬಿತ್ತು. ಬಳ್ಳಿ ಸುತ್ತಿದ ಆ ಶೂ ನೋಡಿ ಅವರು ನಕ್ಕ ರೀತಿಗೆ ಹೊರೆಯಿಂದ ಎರಡು ಸೊಪ್ಪು ಉದುರಿತು. ಹೂವಿಗಿಂತ ಅದೇ ಅವರಿಗೆ ಜಾಸ್ತಿ ಇಷ್ಟವಾಯಿತು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಪುನರ್ಪುಳಿ ಸಾರು, ಸುಟ್ಟ ಹಪ್ಪಳ. ಊಟವಾಗಿ ಕೈ ತೊಳೆಯುವಷ್ಟರಲ್ಲಿ ಗುಡುಗು ಶುರು. ಕರೆಂಟ್ ಹೋಯಿತು, ಸಂಜೆವರೆಗೂ ಬರಲಿಲ್ಲ. ಭಾವನ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಹಟ್ಟಿಯ ಪಕ್ಕದ ಬಾವಿಕಟ್ಟೆಯ ಬಡಗು ಮೂಲೆಯಲ್ಲಿ. ಮಳೆ ಸ್ವಲ್ಪ ಬಿಟ್ಟಾಗ ಕೊಡೆ ಹಿಡಿದು ಅಲ್ಲಿ ನಿಂತು ಗೆಳೆಯನಿಗೆ ಫೋಟೋ ಕಳಿಸಿದೆ. ಅವನು ಖುಷಿಗೆ ಅರ್ಧ ಗಂಟೆ ಮಾತಾಡಿದ. ನಾನು ಒದ್ದೆಯಾದೆ.

ಅವನು ಹೇಳಿದ್ದರಲ್ಲಿ ಎರಡು ವಿಷಯ ತಲೆಯಲ್ಲಿ ಉಳಿಯಿತು. ಜಾವಾದಲ್ಲಿ ಹಿಂದೆ ಇದರ ದಾಯಾದಿ ಗಿಡದ ಗೆಡ್ಡೆಯಲ್ಲಿ ಇರುವ ಮೇಣದಿಂದ ದೀಪ ಉರಿಸುತ್ತಿದ್ದರಂತೆ. ಕರೆಂಟ್ ಇಲ್ಲದ ಚಾವಡಿಯಲ್ಲಿ ಹಬ್ಬದ ಉಳಿದ ಹಣತೆ ಹಚ್ಚಿಕೊಂಡು ಕೂತಾಗ ಇದನ್ನು ಹೇಳಿದರೆ ಅತ್ತಿಗೆ, "ಹಾಗಾದರೆ ನಾಲ್ಕು ತರಬಹುದಿತ್ತು" ಅಂದರು. ಇನ್ನೊಂದು, ಹಸಿರು ಗಿಡಗಳ ಎಲೆಯೊಳಗೆ ಅಡುಗೆ ಮಾಡುವ ಕ್ಲೋರೋಪ್ಲಾಸ್ಟ್ ಇರುತ್ತದಲ್ಲ, ಅದಕ್ಕೆ ತನ್ನದೇ ಒಂದು ಪುಟ್ಟ ಡಿಎನ್‌ಎ ಪುಸ್ತಕ ಇರುತ್ತದೆ, ಸಾಮಾನ್ಯ ಗಿಡದಲ್ಲಿ ಸುಮಾರು 1,50,000 ಅಕ್ಷರದ್ದು. 2019ರಲ್ಲಿ ಬ್ಯಾಲನೋಫೋರಾದ ಎರಡು ಜಾತಿಗಳಲ್ಲಿ ಓದಿ ನೋಡಿದಾಗ ಸಿಕ್ಕಿದ್ದು 15,500ರ ಆಸುಪಾಸು. ದುಡಿಯುವ ಕೆಲಸ ಬಿಟ್ಟ ಮೇಲೆ ದುಡಿಯುವ ಪಾಠದ ಪುಟಗಳನ್ನೂ ಹರಿದು ಎಸೆದಿದೆ. "ಪೆನ್ಷನ್ ಬಂದವರು ಆಫೀಸಿನ ಫೈಲು ಇಟ್ಟುಕೊಳ್ತಾರಾ?" ಅಂತ ಭಾವ ಕೇಳಿದರು. ನಮ್ಮ ಆಫೀಸಿನಲ್ಲಿ ಇಟ್ಟುಕೊಂಡವರಿದ್ದಾರೆ, ಆ ಮಾತು ಬೇರೆ.

ಸಂಜೆ ಮಳೆ ನಿಂತ ಮೇಲೆ ಭಾವ ಅಂಗಳದಾಚೆ ಕರೆದುಕೊಂಡು ಹೋಗಿ ತಮ್ಮ ಬೇಸರ ತೋರಿಸಿದರು. ಮೂರು ವರ್ಷದ ಹಿಂದೆ ಹನ್ನೆರಡು ಶ್ರೀಗಂಧದ ಸಸಿ ತಂದು, ಜಾಗ ಚೆನ್ನಾಗಿ ಹೆರೆಸಿ, ಒಂದು ಕಳೆ ಬರದ ಹಾಗೆ ನೋಡಿಕೊಂಡಿದ್ದರು. ಎಂಟು ಸತ್ತಿವೆ, ಉಳಿದ ನಾಲ್ಕು ಅರಸಿನ ಬಣ್ಣಕ್ಕೆ ತಿರುಗಿವೆ. ಬೇಲಿಯಲ್ಲಿ ಗೊಬ್ಬರದ ಗಿಡದ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ತಾನಾಗಿ ಹುಟ್ಟಿದ ಒಂದೇ ಒಂದು ಗಂಧದ ಗಿಡ ಮಾತ್ರ ಎರಡಾಳೆತ್ತರ, ಕಪ್ಪು ಹಸಿರು. "ಸಾಕಿದ್ದು ಸಾಯ್ತದೆ, ಸಾಕದ್ದು ಬದುಕ್ತದೆ. ಎಂತ ಮಾಡುದು ಮಾರ್ರೆ?"

ಬಾವಿಕಟ್ಟೆಗೆ ಮತ್ತೆ ಓಡಿದೆ. ಗೆಳೆಯ ನಕ್ಕ. ಶ್ರೀಗಂಧವೂ ಅರ್ಧ ಪರಾವಲಂಬಿಯೇ ಮಾರಾಯ, ಅಂದ. ಎಲೆ ಇದೆ, ತನ್ನ ಅಡುಗೆ ತಾನು ಮಾಡಿಕೊಳ್ಳುತ್ತದೆ, ಆದರೆ ನೀರು ಉಪ್ಪಿಗೆ ಪಕ್ಕದವರ ಬೇರಿಗೆ ಕೈ ಹಾಕುತ್ತದೆ. ಅದು ತಿಳಿದದ್ದು ಇವತ್ತು ನಿನ್ನೆಯಲ್ಲ, 1871ರಲ್ಲೇ ಬರೆದಿದ್ದಾರೆ. ಅದಕ್ಕೇ ನರ್ಸರಿಯಲ್ಲಿ ಗಂಧದ ಚೀಲದಲ್ಲೇ ತೊಗರಿ ಹಾಕಿ ಬೆಳೆಸುವುದು. ಭಾವನಿಗೆ ಸಸಿ ಕೊಟ್ಟವರೂ ತೊಗರಿ ಜೊತೆಗೇ ಕೊಟ್ಟಿದ್ದರಂತೆ. "ಕಳೆ ಅಂತ ನಾನೇ ಕಿತ್ತು ಬಿಸಾಡಿದ್ದೆ" ಅಂದರು ಭಾವ, ತುಂಬ ಮೆಲ್ಲಗೆ. ಆಮೇಲೆ ರಾತ್ರಿ ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ, ಮತ್ತೊಮ್ಮೆ ಹೇಳಿದರು. ದೇವರಿಗೆ ತೇಯುವ ಗಂಧವೂ ಹೀಗೆ ಅನ್ನುವುದು ಅವರಿಗೆ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಮೂರನೇ ದಿನ: ಮಾವಿನ ಮರದ ತಕರಾರು

ಭಾನುವಾರ ಬೆಳಿಗ್ಗೆ ಭಾವ ಕತ್ತಿ ಮಸೆಯುತ್ತಿದ್ದರು. ಮನೆ ಎದುರಿನ ಮಾವು, ಕಾಟು ಜಾತಿ, ಈ ಮನೆಯ ಮಿಡಿ ಉಪ್ಪಿನಕಾಯಿಯ ತಾಯಿ. ಅದಕ್ಕೆ ಬಂದಳಿಕೆ, ಅಂದರೆ ಕೊಂಬೆಯ ಮೇಲೆ ಕೂತು ಮರದ ನೀರು ಹೀರುವ ಗಿಡ, ಹಿಡಿದು ನಾಲ್ಕು ವರ್ಷವಾಯಿತು, ಮಿಡಿ ಕಡಿಮೆಯಾಗುತ್ತಾ ಬಂದಿದೆ. ನಮ್ಮಲ್ಲಿ ಹತ್ತಿರ ಬಂದು ಬಿಡದೆ ಕೂರುವ ನೆಂಟರಿಗೂ ಇದೇ ಹೆಸರು ಇಡುವುದುಂಟು. ಶಿಕಾರಿಪುರದ ಕಡೆ ಬಂದಳಿಕೆ ಅಂತ ಹಳೇ ದೇವಸ್ಥಾನಗಳ ಒಂದು ಊರೇ ಇದೆ, ಹೆಸರು ಹೇಗೆ ಬಂತೋ, ಅಲ್ಲಿಯವರನ್ನು ಕೇಳಬೇಕು.

ಕೆಳಗೆ ನಿಂತು ನೋಡಿದರೆ ಮಾವಿನ ಕಡು ಹಸಿರಿನ ನಡುವೆ ಬೂದು ಹಸಿರಿನ ಬೇರೆಯೇ ಪೊದೆಗಳು. ದಪ್ಪ ಎಲೆ, ಕಿತ್ತಳೆ ಬಣ್ಣದ ಕೊಳವೆ ಹೂಗಳ ಗೊಂಚಲು. ಅದು ಹಿಡಿದ ಕಡೆ ಕೊಂಬೆ ಗಂಟುಗಂಟಾಗಿ ಊದಿಕೊಂಡಿತ್ತು. ಅಷ್ಟೇ ಅಲ್ಲ, ಅದರದೇ ಬೇರುಗಳು ಕೊಂಬೆಯ ಮೇಲೆ ಹಾವಿನ ಹಾಗೆ ಹರಿದು ಅಲ್ಲಲ್ಲಿ ಮತ್ತೆ ಒಳಗೆ ಚುಚ್ಚಿದ್ದವು. ಮಾವು ಒಂದೇ ಅಲ್ಲ, ಮುನ್ನೂರಕ್ಕೂ ಜಾಸ್ತಿ ಜಾತಿಯ ಮರ ಗಿಡಗಳ ಮೇಲೆ ಇದು ಬದುಕಬಲ್ಲದು.

ಹರಡುವವನು ಯಾರು ಅಂತ ಮಗಳು ಕೇಳಿದಳು. ಉತ್ತರ ತಾನಾಗಿ ಬಂತು. ಚಿಕ್ ಚಿಕ್ ಅಂತ ಸದ್ದು ಮಾಡುತ್ತಾ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿರಬಹುದು, ಬಣ್ಣ ಅನ್ನುವುದೇ ಇಲ್ಲದ ಒಂದು ಹಕ್ಕಿ. ಬದನಿಕೆ ಹಕ್ಕಿ ಅಂತಲೇ ಇದರ ಹೆಸರು. ಬದನಿಕೆ ಅಂದರೂ ಬಂದಳಿಕೆಯೇ. ಹಣ್ಣು ನುಂಗುತ್ತದೆ, ಬೀಜಕ್ಕೆ ಗೋಂದಿನಂಥ ಅಂಟು, ಹಿಂದಿನಿಂದ ಹೊರಗೆ ಬಂದರೂ ಬಿಡುವುದಿಲ್ಲ. ಹಕ್ಕಿ ಕೊಂಬೆಗೆ ಒರೆಸಿಕೊಳ್ಳಲೇಬೇಕು. ಒರೆಸಿದ ಜಾಗವೇ ಬೀಜಕ್ಕೆ ಬೇಕಾದ ಜಾಗ. ಒಂದು ತಗ್ಗಿನ ಕೊಂಬೆಯಲ್ಲಿ ಹಾಗೆ ಒರೆಸಿದ ಬೀಜ ಸಿಕ್ಕಿತು, ಮೊಳಕೆ ಬಗ್ಗಿ ತೊಗಟೆಯನ್ನು ಮುಟ್ಟಿತ್ತು. ಉಗುರಿನಲ್ಲಿ ಎಬ್ಬಿಸಲು ನೋಡಿದೆ, ಸೂಪರ್ ಗ್ಲೂ ಸೋಲಬೇಕು.

ಭಾವ ಏಣಿ ಹಾಕಿ ಹತ್ತಿದರು. ಬರೀ ಬಂದಳಿಕೆ ತರಿದರೆ ಸಾಲದು, ಒಳಗೆ ಉಳಿದದ್ದು ಮತ್ತೆ ಚಿಗುರುತ್ತದೆ, ಅದು ಹಿಡಿದ ಜಾಗಕ್ಕಿಂತ ಒಂದೆರಡು ಅಡಿ ಬುಡದ ಕಡೆಗೆ ಮಾವಿನ ಕೊಂಬೆಯನ್ನೇ ಕಡಿಯಬೇಕು, ಅದೂ ಹಣ್ಣಾಗುವ ಮೊದಲು. ಮೂರು ಕೊಂಬೆ ಬಿತ್ತು. ನಾಲ್ಕನೆಯದಕ್ಕೆ ಕತ್ತಿ ಎತ್ತುವಾಗ ಮಗಳು ಕೂಗಿದಳು. "ಮಾವಾ, ನಿಲ್ಲಿ! ಅದರ ಮೇಲೆ ಇನ್ನೊಂದು ಉಂಟು!"

ನಿಜ. ಬಂದಳಿಕೆಯ ಕಾಂಡದ ಮೇಲೆ ಒಂದು ಹಿಡಿ ಗಾತ್ರದ ಬೇರೊಂದು ಗಿಡ. ಸಣ್ಣ ಚಮಚದಂಥ ದಪ್ಪ ಎಲೆ, ಹಳದಿ ಹಸಿರು. ನಾನು ಏಣಿಯ ಕೆಳಗಿನಿಂದ ಜೂಮ್ ಮಾಡಿ ಫೋಟೋ ತೆಗೆದು ಬಾವಿಕಟ್ಟೆಗೆ ಓಡಿದೆ, ಈ ಸಲ ಬರಿಗಾಲಲ್ಲಿ. ವಿಸ್ಕಮ್ ಕ್ಯಾಪಿಟೆಲ್ಲೇಟಮ್ ಇರಬೇಕು ಅಂದ ಗೆಳೆಯ. ಮರದ ಮೇಲೆ ನೇರವಾಗಿ ಕೂರುವುದಿಲ್ಲ, ಮರದ ಮೇಲೆ ಕೂತ ಬಂದಳಿಕೆಯ ಮೇಲೆ ಕೂರುತ್ತದೆ. ಮಾವು ನೆಲದಿಂದ ಎಳೆದ ನೀರನ್ನು ಬಂದಳಿಕೆ ಕದಿಯುತ್ತದೆ, ಬಂದಳಿಕೆಯಿಂದ ಇದು ಕದಿಯುತ್ತದೆ.

ಏಣಿಯ ಮೇಲೆ ಭಾವ, ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತ ಒಂಬತ್ತನೇ ಕ್ಲಾಸಿನ ಸೊಸೆ. ವಾದ ಹತ್ತು ನಿಮಿಷ ನಡೆಯಿತು. ಬಂದಳಿಕೆ ಇದ್ದರೆ ಚಿಟ್ಟೆ ಬರುತ್ತದೆ, ಹಳದಿ ಕೆಂಪು ರೆಕ್ಕೆಯ ಜೆಜೆಬೆಲ್ ಚಿಟ್ಟೆಯ ಹುಳ ತಿನ್ನುವುದೇ ಇದರ ಎಲೆ ಅಂತ ಅವಳು. ಚಿಟ್ಟೆ ಉಪ್ಪಿನಕಾಯಿ ಹಾಕಲಿಕ್ಕೆ ಆಗ್ತದಾ ಅಂತ ಅವರು. ನನ್ನನ್ನು ಕೇಳಿದರು. ನಾನು ಶೂ ವಿಷಯದಲ್ಲೇ ಮರ್ಯಾದೆ ಕಳೆದುಕೊಂಡವನು, ಬಾಯಿ ಬಿಡಲಿಲ್ಲ. ಕಳ್ಳನ ಮನೆಗೇ ಕನ್ನ ಹಾಕಿದವನನ್ನು ನೋಡಿ ಭಾವನಿಗೂ ಒಳಗೊಳಗೆ ಖುಷಿಯಾಗಿತ್ತು ಅಂತ ನನ್ನ ಅಂದಾಜು. ಕತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದರು.

ವಾಪಸ್ ಬರುವಾಗ ವರಂಗದ ಕೆರೆ ಬಸದಿಯಲ್ಲಿ ದೋಣಿ ಹತ್ತಿ, ಕಾರ್ಕಳದಲ್ಲಿ ಚಾ ಕುಡಿದು, ಕತ್ತಲಾಗುವಾಗ ಮಂಗಳೂರು ಸೇರಿದೆವು. ಅಟ್ಟೆ ಕಿತ್ತ ಶೂ ಭಾವನ ಹಟ್ಟಿಯ ಮಾಡಿನಲ್ಲೇ ಉಳಿಯಿತು. ನಾನು ಅವರ ರಬ್ಬರ್ ಚಪ್ಪಲಿಯಲ್ಲಿ ಕಾರು ಓಡಿಸಿದೆ.

ಹತ್ತು ದಿನ ಬಿಟ್ಟು ಭಾವ ಫೋನ್ ಮಾಡಿದರು. ನಾಲ್ಕು ಗಂಧದ ಸಸಿಗಳ ಬುಡದಲ್ಲಿ ತೊಗರಿ ಹಾಕಿದ್ದಾರಂತೆ, ಮೊಳಕೆ ಬಂದಿದೆಯಂತೆ. ಆಮೇಲೆ ಮಗಳಿಗೆ ಫೋನ್ ಕೊಡಿ ಅಂದರು. "ನಿನ್ನ ಕೊಂಬೆ ಹಾಗೇ ಉಂಟು. ಮಿಡಿ ಕಡಿಮೆಯಾದ್ರೆ ಮೊದಲು ಕಟ್ ಆಗುದು ನಿನ್ನ ಪಾಲಿನ ಉಪ್ಪಿನಕಾಯಿ, ಗೊತ್ತುಂಟಲ್ಲ?"

"ಪಪ್ಪನದ್ದು ಕಟ್ ಮಾಡಿ ಮಾವ" ಅಂದಳು.